ಸವಣೂರಿನ ಜೀಪು, ಹಾನಗಲ್ಲಿನ ಅನುಮಾನ

ನನಗೊಂದು ಚಟ ಅಂಟಿಕೊಂಡಿದೆ. ದಾರಿಯ ಬದಿ ನಿಂತ ಯಾವ ಗಾಡಿ ಕಂಡರೂ ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತೇನೆ, ಬಿಸಿಯಾಗಿದೆಯೋ ತಣ್ಣಗಿದೆಯೋ ಎಂದು. ಒಂದು ಮದುವೆಯಲ್ಲಿ ಬೀಗರ ಕಾರನ್ನು ಹೀಗೆ ಮುಟ್ಟಿ ಕಣ್ಣು ಮುಚ್ಚಿ ನಿಂತಿದ್ದಾಗ, ಅವರ ಕಡೆಯ ಹಿರಿಯರೊಬ್ಬರು ನಾನು ಏನೋ ಬೇಡಿಕೊಳ್ಳುತ್ತಿದ್ದೇನೆಂದು ತಿಳಿದು ತಾವೂ ಕೈಮುಗಿದು ಮುಂದೆ ಹೋದರು. ಪಾಪ, ಭಕ್ತಿ ಎಂದುಕೊಂಡರು. ಅದು ಅಪ್ಪಟ ಅನುಮಾನ.

ಅನುಮಾನ ನನ್ನ ಕಸುಬಿನ ಗುಣವೂ ಹೌದು. ನಾನು ಹಾನಗಲ್ಲಿನಲ್ಲಿ ದನದ ಡಾಕ್ಟರು. ನನ್ನ ರೋಗಿಗಳು ಮಾತಾಡುವುದಿಲ್ಲ, ಅವರ ಯಜಮಾನರು ಬಹಳ ಮಾತಾಡುತ್ತಾರೆ. "ಏನೂ ತಿಂದಿಲ್ರಿ, ನಿನ್ನೆವರೆಗೂ ಛಲೋ ಇತ್ರಿ" ಎಂದು ಆಣೆ ಮಾಡುವವರ ಎಮ್ಮೆಯ ಹೊಟ್ಟೆಯಿಂದ ಮದುವೆ ಊಟದ ಅರ್ಧ ಪಾತ್ರೆ ಅನ್ನ ಹೊರಬಂದದ್ದನ್ನು ಕಂಡವಳು ನಾನು. ಹೀಗಾಗಿ ಯಾರೇ ಬಾಯಿ ತೆರೆದರೂ ನನ್ನ ಕಣ್ಣು ಅವರ ಹಿಂದೆ ನಿಂತ ಪ್ರಾಣಿಯ ಕಡೆ ಹೋಗುತ್ತದೆ. ನಮ್ಮ ಮನೆಯವರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ಅವರದು ಇದಕ್ಕೆ ತದ್ವಿರುದ್ಧ ಸ್ವಭಾವ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರಿಗೆ ಚೀಲ ಕಾಯಲು ಕೊಟ್ಟು ಚಹಾ ಕುಡಿಯಲು ಹೋಗುವ ಮನುಷ್ಯ. ಇನ್ನೂ ಒಂದೂ ಚೀಲ ಕಳೆದಿಲ್ಲ ಎಂಬುದು ನನಗೆ ಅರ್ಥವಾಗದ ಸಂಗತಿ.

ಕಳೆದ ಮಳೆಗಾಲದಲ್ಲಿ ಹೊಲದ ಮನೆಯೊಂದರಲ್ಲಿ ಎಮ್ಮೆ ಈಯಲಾರದೆ ಬಿದ್ದಿತ್ತು. ನನ್ನ ಸಣ್ಣ ಕಾರು ಎರೆಮಣ್ಣಿನ ದಾರಿಯಲ್ಲಿ ಹೊಟ್ಟೆಯವರೆಗೆ ಹೂತುಕೊಂಡಿತು. ಔಷಧದ ಚೀಲ ಹೊತ್ತು ಕೆಸರಲ್ಲಿ ನಡೆದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮನೆಯ ಅವ್ವ ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಕಾಲು ತೊಳೆದುಕೊಳ್ಳಲು ಬಿಸಿನೀರು ಕೊಟ್ಟಳು. ಅದು ಬೈಗುಳಕ್ಕಿಂತ ಭಾರವಾಗಿತ್ತು. ಅಂದೇ ನಿರ್ಧರಿಸಿದೆ, ನಾಲ್ಕೂ ಗಾಲಿ ಎಳೆಯುವ ಜೀಪು ಬೇಕು ಎಂದು. ಹೊಸದು ನಮ್ಮ ಅಳತೆಯದಲ್ಲ. ಹಳೆಯದೇ ಆಗಬೇಕು.

ಹಳೆಯ ಗಾಡಿ ಕೊಳ್ಳುವುದು ಹೇಗೆಂದು ಮೊಬೈಲಿನಲ್ಲಿ ನೋಡತೊಡಗಿದೆ. ನೋಡಿದಷ್ಟೂ ಲೋಕದ ಮೇಲಿನ ವಿಶ್ವಾಸ ಕಡಿಮೆಯಾಯಿತು. ಎಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣಗಿದ್ದಾಗ ಚಾಲೂ ಆಗುವುದಿಲ್ಲವೆಂದು ತಿಳಿಯಬೇಕಂತೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ನೀರು ಸೇರಿದೆ. ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದರೆ ಎಂಜಿನ್ ಸೋತಿದೆ. ಅಯಸ್ಕಾಂತ ಹಿಡಿದು ಬಾಡಿಯ ಮೇಲೆ ಆಡಿಸಬೇಕು, ಅಂಟದ ಕಡೆ ತಗಡಿಲ್ಲ, ಮೆತ್ತಿದ ಲೇಪವಿದೆ. ನಾನು ಒಂದು ಅಯಸ್ಕಾಂತ ತರಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಮನೆಯಲ್ಲಿ ಫ್ರಿಜ್ಜಿಗೂ ಒಮ್ಮೆ ಹಿಡಿದು ನೋಡಿದೆ. "ಮಂದಿ ಮ್ಯಾಲೆ ಸ್ವಲ್ಪರ ನಂಬಿಕಿ ಇಡು" ಎಂದರು ಮನೆಯವರು. ನಾನು ಅವರ ಕಡೆಗೂ ಅಯಸ್ಕಾಂತ ಚಾಚಿದೆ. ಅಂಟಲಿಲ್ಲ.

ಮೊದಲು ನೋಡಿದ್ದು ಶಿಗ್ಗಾವಿಯ ಜೀಪು. ಮಧ್ಯವರ್ತಿಯೊಬ್ಬ ತೋರಿಸಿದ. ಮನೆಯವರನ್ನೂ ಕರೆದುಕೊಂಡು ಹೇಳಿದ ಹೊತ್ತಿಗಿಂತ ಮೊದಲೇ ಹೋದೆ. ಬಾನೆಟ್ ರೊಟ್ಟಿಯ ಹಂಚಿನಂತೆ ಕಾದಿತ್ತು. ಕೇಳಿದರೆ "ಪೂಜಾ ಮಾಡಾಕ ಚಾಲೂ ಮಾಡಿದ್ವಿರಿ" ಎಂದ. ಯಾವ ಪೂಜೆಗೆ ಎಂಜಿನ್ ಚಾಲೂ ಇರಬೇಕೋ ನನಗೆ ತಿಳಿಯದು. ಮೀಟರು ತೀರ ಕಡಿಮೆ ಕಿಲೋಮೀಟರ್ ತೋರಿಸುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರು ಮಾತ್ರ ಹಳೆಯ ಗುಡಿಯ ಮೆಟ್ಟಿಲಿನಂತೆ ಸವೆದು ಮಿರುಗುತ್ತಿತ್ತು. ಅವನು ಎಲ್ಲ ಮಾತನ್ನೂ ನಮ್ಮ ಮನೆಯವರಿಗೆ ಹೇಳುತ್ತಿದ್ದ. ಅವರು ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಕೊಂಡೇಬಿಡುತ್ತಿದ್ದರು. ತೋಳು ಹಿಡಿದು ಕರೆತಂದೆ. ಮುಂದಿನ ಊರುಗಳಿಗೆ ಒಬ್ಬಳೇ ಹೋದೆ.

ಎರಡನೆಯದು ಹಿರೇಕೆರೂರಿನ ಕಡೆಯ ಮಾಸೂರಿನದು. ಎಂಥ ಚೆಲುವಾದ ಗಾಡಿ! ಬಾನೆಟ್ ತಣ್ಣಗಿತ್ತು, ಒಂದೇ ಹೊಡೆತಕ್ಕೆ ಚಾಲೂ ಆಯಿತು, ಅಯಸ್ಕಾಂತ ಎಲ್ಲ ಕಡೆ ಅಂಟಿತು. ಇಷ್ಟೆಲ್ಲ ಸರಿಯಿರುವುದೇ ನನಗೆ ಸರಿಕಾಣಲಿಲ್ಲ. "ಇದು ನೀರಿನ ಕಡೆ ಹಾದೂ ಇಲ್ರಿ" ಎಂದು ಮಾಲೀಕರು ನಾನು ಕೇಳದೆಯೇ ಹೇಳಿದರು. ಕೇಳದೆ ಬಂದ ಉತ್ತರ! ಬಗ್ಗಿ, ಡ್ರೈವರ್ ಸೀಟಿನ ಕೆಳಗಿನ ಚಾಪೆ ಎತ್ತಿದೆ. ನುಣ್ಣನೆಯ ಕೆರೆಯ ಮಣ್ಣು, ಅದರ ನಡುವೆ ಒಂದು ಸಣ್ಣ ಬಸವನಹುಳದ ಚಿಪ್ಪು. ಚಿಪ್ಪನ್ನು ಅಂಗೈಯಲ್ಲಿಟ್ಟು ಅವರ ಮುಂದೆ ಚಾಚಿದೆ. ಅವರು ಅದನ್ನು ಬಹಳ ಹೊತ್ತು ನೋಡಿ, "ಇದು ಹೆಂಗ ಬಂತೋ ಏನೋ" ಎಂದರು. ಬಸವನಹುಳ ಮಾಸೂರಿನ ಕೆರೆಯಿಂದ ನಡೆದು ಬಂದು, ಬಾಗಿಲು ತೆರೆದು, ಚಾಪೆಯ ಕೆಳಗೆ ಮಲಗಿರಬೇಕು.

ಮನೆಗೆ ಬಂದು ಹೀಗಾಯಿತೆಂದಾಗ ನಮ್ಮವರು ನಗುತ್ತ, ಅನುಮಾನ ಇಂದಿನದಲ್ಲ ಎಂದು ಪಾಠ ಆರಂಭಿಸಿದರು. ನಮ್ಮ ಕಡೆಯ ಹಳೆಯ ಶಾಸನಗಳನ್ನು ನೋಡಬೇಕಂತೆ. ಭೂಮಿ ಕೊಟ್ಟವರ ಔದಾರ್ಯವನ್ನು ಹೊಗಳಿ ಹೊಗಳಿ, ಕೊನೆಯಲ್ಲಿ ಈ ದಾನವನ್ನು ಅಳಿಸಿದವರಿಗೆ ಇಂಥಿಂಥ ಪಾಪ ಬರಲಿ ಎಂದು ಶಾಪ ಕೆತ್ತಿಸಿರುತ್ತಾರಂತೆ. ದಾನ ಕೊಡುವಾಗಲೇ ಮುಂದೆ ಹುಟ್ಟುವವರ ಮೇಲೆ ಅಷ್ಟು ಸಂಶಯ! ಕೊಟ್ಟವರಿಗೇ ಹಾಗಿದ್ದರೆ ಕೊಳ್ಳುವವಳಿಗೆ ಎಷ್ಟಿರಬೇಡ. ನನಗೆ ಬಹಳ ಸಮಾಧಾನವಾಯಿತು. ಕಲ್ಲಿನ ಮೇಲೆ ಕೆತ್ತುವ ಯೋಗ್ಯತೆಯ ಗುಣವೊಂದು ನನ್ನಲ್ಲಿದೆ ಎನ್ನಿಸಿತು.

ಮೂರನೆಯ ಜೀಪು ಸವಣೂರಿನ ಮಕ್ತುಮ್‌ಸಾಬರದು. ವೀಳ್ಯದೆಲೆಯ ತೋಟದವರು. ಎಷ್ಟೋ ವರ್ಷದ ಹಿಂದೆ ಒಂದು ಹರಾಜಿನಲ್ಲಿ ಈ ಜೀಪು ಹಿಡಿದು, ಅಂದಿನಿಂದ ಎಲೆಯ ಬುಟ್ಟಿ ಹೇರಿಕೊಂಡು ಪೇಟೆಗೆ ಓಡಾಡಿದ್ದರು. ಈಗ ವ್ಯಾಪಾರಿಗಳ ಟೆಂಪೋ ತೋಟಕ್ಕೇ ಬರುವುದರಿಂದ ಜೀಪಿಗೆ ಕೆಲಸವಿಲ್ಲ. ಎತ್ತರದ ಆಳು, ಬಿಳಿ ಗಡ್ಡ, ಅಳೆದು ಮಾತು. ನಾನು ಬಾನೆಟ್ಟಿನ ಮೇಲೆ ಕೈ ಇಡಲು ಹೊರಟರೆ ತಡೆದರು.

"ಕುಂದರ್ರಿ ಬಾಯಾರ. ಮೊದಲು ಇದರ ಬ್ಯಾನಿ ಎಲ್ಲಾ ಕೇಳ್ರಿ, ಆಮ್ಯಾಲೆ ಗಾಡಿ ನೋಡೀರಂತ. ಥಂಡ್ಯಾಗ ಒಂದ ಹೊಡ್ತಕ್ಕ ಚಾಲೂ ಆಗೂದಿಲ್ಲ. ಮೂರನೇ ಗೇರು ಒಮ್ಮೊಮ್ಮೆ ಹಟ ಮಾಡ್ತೈತಿ. ಹಿಂದಿನ ಗಾಲಿ ಕಡೆ ಆಯಿಲ್ ಒಸರ್ತೈತಿ. ಮಳ್ಯಾಗ ಎಡಗಡೆ ವೈಪರ್ ಹೋಗ್ತೈತಿ, ಹೊಳ್ಳಿ ಬರೂದಿಲ್ಲ. ಮೀಟರು ಖರೇನ ತೋರಿಸ್ತೈತಿ, ಆದರ ನಡುವ ಒಂದು ವರ್ಷ ಕೇಬಲ್ ಹರದಿತ್ತು. ಆ ವರ್ಷದ್ದು ನೀವ ಕೂಡಿಸ್ಕೊಳ್ರಿ."

ಮೀಟರು ಮೊದಲೇ ಲಕ್ಷಗಳ ಲೆಕ್ಕದಲ್ಲಿತ್ತು. ಅದಕ್ಕೆ ಇನ್ನೊಂದು ವರ್ಷ ಕೂಡಿಸಿಕೊಳ್ಳಲು ಹೇಳುವ ಮಾರಾಟಗಾರನನ್ನು ನಾನು ಎಲ್ಲೂ ಕಂಡಿರಲಿಲ್ಲ. ನೀವಾದರೆ ಸಂತೋಷಪಡುತ್ತಿದ್ದಿರಿ. ನನಗೆ ಅನುಮಾನ ಇಮ್ಮಡಿಯಾಯಿತು. ಇಷ್ಟು ದೋಷ ಹೇಳಿಕೊಳ್ಳುವವರು ಮುಚ್ಚಿಡುತ್ತಿರುವ ದೋಷ ಎಷ್ಟು ದೊಡ್ಡದಿರಬೇಕು! ಸೀರೆಯ ಸೆರಗು ಸಿಕ್ಕಿಸಿ ಗಾಡಿಯ ಕೆಳಗೆ ತೂರಿದೆ. ಗಾಡಿಯ ಬೆನ್ನೆಲುಬಾದ ಚಾಸಿಯ ಉದ್ದಕ್ಕೂ ಬೆರಳಾಡಿಸಿದೆ, ಮುರಿದು ಬೆಸೆದ ಗುರುತು ಇರಲಿಲ್ಲ. ನಾಲ್ಕೂ ಟೈರು ಒಂದೇ ಅಳತೆಯವು, ಒಂದೇ ಸಮ ಸವೆದಿದ್ದವು. ಆಯಿಲ್ ಮುಚ್ಚಳದಲ್ಲಿ ಕೆನೆಯಿಲ್ಲ, ಹೊಗೆಯಿಲ್ಲ. ಆಯಿಲ್ ಅವರು ಹೇಳಿದ ಕಡೆಯೇ, ಅವರು ಹೇಳಿದಷ್ಟೇ ಒಸರುತ್ತಿತ್ತು.

"ಫೋರ್ ವ್ಹೀಲ್ ನಡೀತೈತೇನ್ರಿ ಸಾಬರ?" ಎಂದು ಕೆಳಗಿನಿಂದಲೇ ಕೇಳಿದೆ.

"ಐತ್ರಿ" ಎಂದರು. "ಟಾರ್ ರಸ್ತೆದಾಗ ಮಾತ್ರ ಹಾಕಬಾರದು. ಗಾಡಿಗೆ ತ್ರಾಸ ಆಗ್ತೈತಿ."

ಆ ಮಾತು ಸರಿಯಾದದ್ದೇ. ಗಟ್ಟಿ ರಸ್ತೆಯ ಮೇಲೆ ಅದನ್ನು ಹಾಕಿದರೆ ಗೇರುಗಳು ಒಂದನ್ನೊಂದು ಜಗ್ಗಾಡುತ್ತವೆಂದು ನಾನೂ ಓದಿದ್ದೆ. ಮಳೆ ಬಿದ್ದ ಮೇಲೆ ಓಡಿಸಿ ನೋಡೋಣ ಎಂದು ಹೇಳಿ ಬಂದೆ.

ಅದೇ ವಾರ ಪಕ್ಕದ ಮನೆಯ ಶಾಂತಕ್ಕ ಗೋಡೆಯ ಮೇಲಿಂದ ಕತ್ತು ಚಾಚಿ ಗುಟ್ಟಿನಲ್ಲಿ ಹೇಳಿದರು. "ಡಾಕ್ಟರ್ ಬಾಯಾರ, ನೀವು ದವಾಖಾನಿಗೆ ನಡಕೊಂಡ ಹೋದಾಗ ಒಬ್ರು ಗಡ್ಡದ ಸಾಬರು ಬಂದಿದ್ರು ನೋಡ್ರಿ. ನೀವು ಗಾಡಿ ಹೆಂಗ ಓಡಸ್ತೀರಿ, ತೊಳಸ್ತೀರೋ ಇಲ್ಲೋ, ಮಂದಿಗೆ ಓಡಿಸಾಕ ಕೊಡ್ತೀರೇನು, ಎಲ್ಲಾ ಕೇಳಿದ್ರು. ನಿಮ್ಮ ಕಾರಿನ ಬುಡಕ ಬಗ್ಗಿನೂ ನೋಡಿದ್ರು."

ನನಗೆ ಮೈ ಉರಿಯಿತು. ನನ್ನ ಮೇಲೆ ಅನುಮಾನ! ಇಷ್ಟು ವರ್ಷದಲ್ಲಿ ನಾನು ಎಷ್ಟು ಜನರನ್ನು ಸಂಶಯದಿಂದ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ನೋಡಿಸಿಕೊಳ್ಳುವುದು ಹೀಗಿರುತ್ತದೆಂದು ಗೊತ್ತಿರಲಿಲ್ಲ. ಕಾರಿನ ಕೆಳಗೆ ನಾನೂ ಬಗ್ಗಿ ನೋಡಿದೆ. ಕಳೆದ ಮಳೆಗಾಲದ ಎರೆಮಣ್ಣು ಇನ್ನೂ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನಾಚಿಕೆಯಾಯಿತು. ನಾಚಿಕೆಯಾದ್ದರಿಂದ ಸಿಟ್ಟು ಇನ್ನಷ್ಟು ಏರಿತು.

ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಸವಣೂರಿಗೆ ಹೋಗಿ ನೇರವಾಗಿ ಕೇಳಿಯೇಬಿಟ್ಟೆ. "ಏನ್ರಿ ಸಾಬರ, ನಾವೇನು ಕಳ್ಳರೇನು?"

ಅವರು ತಲೆ ತಗ್ಗಿಸಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ತರಿಸಿ ಹೇಳಿದರು. ಹಿಂದೊಮ್ಮೆ ಅವರು ಸಾಮಾನು ಹೇರುವ ಗಾಡಿಯೊಂದನ್ನು ಮಾರಿದ್ದರು. ಕೊಂಡವನು ನಗುನಗುತ್ತ ಒಯ್ದ. ಗಾಡಿಯ ಕಾಗದದಲ್ಲಿ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದವನು ಬದಲಾಯಿಸಲೇ ಇಲ್ಲ. ಆ ಗಾಡಿ ಎಲ್ಲೋ ದೂರದಲ್ಲಿ ದಾರಿಹೋಕನೊಬ್ಬನನ್ನು ಗುದ್ದಿ ಓಡಿತು. ಪೊಲೀಸರು ಬಂದದ್ದು ಮಕ್ತುಮ್‌ಸಾಬರ ಬಾಗಿಲಿಗೆ.

"ಎಷ್ಟು ವರ್ಷ ಕೋರ್ಟಿಗೆ ಅಡ್ಡಾಡಿದೆ ಅನ್ನೂದು ಬಿಡ್ರಿ ಬಾಯಾರ. ಆ ಸತ್ತಾವನ ಹೆಂಡ್ತಿ ಪ್ರತಿ ಸಲ ಕೋರ್ಟಿನ ಕಟ್ಟಿ ಮ್ಯಾಲೆ ಕುಂತಿರತಿದ್ಲು. ನನ್ನ ನೋಡತಿದ್ಲು. ಗುದ್ದಿದಾವ ನಾ ಅಲ್ಲ ಯವ್ವಾ ಅಂತ ಹೇಳಾಕ ನನಗ ಬಾಯಿ ಬರಲಿಲ್ಲ. ಅವತ್ತಿನಿಂದ ಗಾಡಿ ಕೊಳ್ಳಾಕ ಬಂದವರ ಮಾರಿ ನೋಡಿದ್ರ ನನಗ ಅಂಜಿಕಿ ಆಗ್ತೈತಿ."

ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಚಹಾ ಕುಡಿದು, ಎಂದಿನಂತೆ ಔಷಧದ ಚೀಲ ಜೊತೆಗಿಟ್ಟುಕೊಂಡು ಜೀಪು ಹತ್ತಿದೆ. ಅವರೂ ಪಕ್ಕದಲ್ಲಿ ಕೂತರು. ಎರಡನೆಯ ಹೊಡೆತಕ್ಕೆ ಚಾಲೂ ಆಯಿತು. ಬಂಕಾಪುರ ದಾಟಿ ಹಾನಗಲ್ಲಿನ ಕಡೆ ಹೊರಟೆವು. ಮೂರನೆಯ ಗೇರು ಹಟ ಮಾಡಿದಾಗ ಅವರು ಅದರ ಮೇಲೆ ನನ್ನ ಕೈಯ ಜೊತೆ ತಮ್ಮ ಎರಡು ಬೆರಳು ಇಟ್ಟು, "ಬೈಬ್ಯಾಡ್ರಿ, ನಿಂತು ಕೇಳ್ರಿ" ಎಂದರು. ಗೇರು ಬಿತ್ತು.

ಆಗ ಫೋನು ಬಂತು. ಆಡೂರಿನ ಕಡೆ ಹೊಲದ ಮನೆಯಲ್ಲಿರುವ ಬಸಣ್ಣನದು. ಆಕಳು ಬೆಳಗಿನಿಂದ ತಿಣುಕುತ್ತಿದೆ, ಕರುವಿನ ಒಂದೇ ಕಾಲು ಕಾಣುತ್ತಿದೆ. ನಾನು ಮಕ್ತುಮ್‌ಸಾಬರ ಮುಖ ನೋಡಿದೆ. "ನಡೀರಿ" ಎಂದರು.

ಬಸಣ್ಣನ ಹೊಲದ ದಾರಿ ಎರೆಮಣ್ಣಿನದು. ಮಳೆ ಕುಡಿದು ಅರೆದ ಎಳ್ಳಿನಂತೆ ಆಗಿತ್ತು. ಅರ್ಧ ದಾರಿಯಲ್ಲಿ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದವು. ಇದಕ್ಕಾಗಿಯೇ ಅಲ್ಲವೇ ಈ ಗಾಡಿ ಎಂದುಕೊಂಡು, ದೊಡ್ಡ ಗೇರಿನ ಪಕ್ಕದಲ್ಲಿರುವ ಸಣ್ಣ ಗೇರಿಗೆ ಕೈ ಹಾಕಿದೆ. ಅದನ್ನು ಹಾಕಿದರೆ ಮುಂದಿನ ಗಾಲಿಗಳೂ ಎಳೆಯುತ್ತವೆ. ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದೆ. ನೆಲದಲ್ಲಿ ಹೂತ ಕಲ್ಲಿನಂತೆ ನಿಂತಿತ್ತು.

"ಸಾಬರ, ನೀವ ಹಾಕ್ರಿ."

ಅವರು ಕೈ ಚಾಚಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದರು. "ಅದನ್ನ ನಾ ಯಾವತ್ತೂ ಹಾಕಿಲ್ರಿ. ಎಲಿತೋಟಕ್ಕ ಅದರ ಜರೂರ ಬೀಳಲಿಲ್ಲ. ಹಾಕಿದ್ರ ಎಲ್ಲಿ ಮುರೀತೈತಿ ಅಂತ ಅಂಜಿಕೀನೂ ಇತ್ತು."

"ಮತ್ತ ನಡೀತೈತಿ ಅಂದ್ರಿ?"

"ನಡೀತೈತಿ ಅನ್ನಲಿಲ್ರಿ. ಐತಿ ಅಂದೆ."

ಹೌದು, 'ಐತ್ರಿ' ಎಂದಿದ್ದರು. ಅಯಸ್ಕಾಂತ ಹಿಡಿದು ಊರೂರು ತಿರುಗಿದವಳು, ಬಸವನಹುಳದ ಚಿಪ್ಪು ಹೆಕ್ಕಿದವಳು, ಒಂದು ಕ್ರಿಯಾಪದ ಕೈತಪ್ಪಿ ಹೋಗಲು ಬಿಟ್ಟಿದ್ದೆ. ಕೆಲಸ ಮಾಡದೆ ಬಿಟ್ಟ ಗೇರು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಇಳಿದು, ಪಾಯಜಾಮ ಮೊಣಕಾಲಿಗೆ ಏರಿಸಿ, ನನ್ನ ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ಕೆಸರಿನಲ್ಲಿ ನಡೆಯತೊಡಗಿದ್ದರು. ಹಿಂದೆ ಓಡಿದೆ. ಕಳೆದ ಮಳೆಗಾಲದ ಎಮ್ಮೆ ಕಣ್ಣ ಮುಂದೆಯೇ ಇತ್ತು.

ಆಕಳು ಕೊಟ್ಟಿಗೆಯಲ್ಲಿ ಮಲಗಿಬಿಟ್ಟಿತ್ತು. ಒಳಗೆ ಕೈ ಹಾಕಿ ನೋಡಿದರೆ ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಅದನ್ನು ತಳ್ಳಿ, ತಿರುವಿ, ಹೊರಕ್ಕೆ ತರುವಷ್ಟರಲ್ಲಿ ನನ್ನ ತೋಳು ಸೋತಿತು. ಕಾಲುಗಳಿಗೆ ಹಗ್ಗ ಕಟ್ಟಿದೆ. ಬಸಣ್ಣ ಗಾಬರಿಯಲ್ಲಿ ಒಂದೇ ಸಮನೆ ಜಗ್ಗುತ್ತಿದ್ದ. ನಿಲ್ಲು ಎಂದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಅವನನ್ನು ಆಕಳ ತಲೆಯ ಕಡೆ ಕಳಿಸಿ ಹಗ್ಗವನ್ನು ಮಕ್ತುಮ್‌ಸಾಬರ ಕೈಗೆ ಕೊಟ್ಟೆ. ಆಕಳು ತಿಣುಕಿದಾಗ "ಜಗ್ರಿ" ಎಂದೆ, ಜಗ್ಗಿದರು. "ತಡೀರಿ" ಎಂದೆ, ತಡೆದರು. ನಿಲ್ಲು ಎಂದ ಕ್ಷಣಕ್ಕೆ ನಿಲ್ಲುವ ಕೈ ಎಷ್ಟು ಅಪರೂಪವೆಂದು ನನ್ನ ಕಸುಬಿನವರಿಗೆ ಗೊತ್ತು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಾಡಲಿಲ್ಲ. ಮೂಗಿನ ಲೋಳೆ ಒರೆಸಿ, ಎದೆ ತಿಕ್ಕಿ, ಮೂಗಿನ ಹೊಳ್ಳೆಗೆ ಹುಲ್ಲಿನ ಕಡ್ಡಿ ಆಡಿಸಿದೆ. ಸೀನಿತು. ಮಕ್ತುಮ್‌ಸಾಬರು ಹಗ್ಗ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತುಬಿಟ್ಟರು. ಅವರ ಬಿಳಿ ಗಡ್ಡದಲ್ಲಿ ಎರೆಮಣ್ಣಿತ್ತು, ನನ್ನ ತಲೆಗೂದಲಲ್ಲಿ ಏನಿತ್ತೆಂದು ಹೇಳುವುದು ಬೇಡ. ಬಸಣ್ಣನ ಅವ್ವ ಇಬ್ಬರಿಗೂ ಒಂದೇ ಕೊಡದಿಂದ ನೀರು ಹಾಕಿದಳು.

ಜೀಪನ್ನು ಬಸಣ್ಣನ ಟ್ರ್ಯಾಕ್ಟರು ಎಳೆದು ದಾರಿಗೆ ಹಾಕಿತು. ಹಾನಗಲ್ಲಿನ ಗಾಡಿ ಮೇಸ್ತ್ರಿಯ ಅಂಗಡಿಯಲ್ಲಿ ಅದರ ಸಣ್ಣ ಗೇರಿನ ಪೆಟ್ಟಿಗೆ ಬಿಚ್ಚಿಸಿದೆವು. ಒಳಗೆ ಹಲ್ಲುಗಳು ಹೊಸ ನಾಣ್ಯದಂತೆ ಹೊಳೆಯುತ್ತಿದ್ದವು. ಸವೆಯಲು ಅವಕ್ಕೆ ಕೆಲಸವನ್ನೇ ಕೊಟ್ಟಿರಲಿಲ್ಲವಲ್ಲ. ಮೇಲಿನ ಕೀಲುಗಳಷ್ಟೇ ತುಕ್ಕಿನಲ್ಲಿ ಅಂಟಿಕೊಂಡಿದ್ದವು. ಬಿಡಿಸಿ, ತೊಳೆದು, ಹೊಸ ಆಯಿಲ್ ಹಾಕಿದ ಮೇಲೆ ಗೇರು ಬೆಣ್ಣೆಯಲ್ಲಿ ಚಮಚ ಇಳಿದಂತೆ ಬಿತ್ತು. ಮಕ್ತುಮ್‌ಸಾಬರು ದಿನವಿಡೀ ಅಂಗಡಿಯ ಮುಂದಿನ ಟೈರಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದರು.

ನಾನು ಕೊಂಡೆ. ಇಬ್ಬರೂ ಒಟ್ಟಿಗೆ ಆರ್‌ಟಿಒ ಕಚೇರಿಗೆ ಹೋಗಿ ಹೆಸರು ಬದಲಾಯಿಸಿ ಬಂದೆವು. ಅದಾಗುವವರೆಗೆ ಅವರು ಆ ಕಚೇರಿಯ ಬೆಂಚಿನಿಂದ ಏಳಲಿಲ್ಲ, ನಾನೂ ಏಳಲಿಲ್ಲ. ಎಲ್ಲ ಮುಗಿದ ಮೇಲೆ ಅವರು ಬಿಟ್ಟ ಉಸಿರು ಎಷ್ಟು ದೊಡ್ಡದಿತ್ತೆಂದರೆ ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು.

ಮುಂದೆ ಒಂದು ದಿನ ಕೆಸರಿನಲ್ಲಿ ಗಾಡಿ ತಾನೇ ಎದ್ದು ಹೊರಬಂದಾಗ ಸಂತೋಷ ತಡೆಯಲಾರದೆ ಅಲ್ಲಿಂದಲೇ ಅವರಿಗೆ ಫೋನು ಮಾಡಿದೆ.

"ಹೌದೇನ್ರಿ?" ಎಂದವರು ಮರುಗಳಿಗೆಯೇ ಕೇಳಿದರು, "ಅದನ್ನ ಹಾಕಿದಾಗ ಹೆಂಗ ಅನಸ್ತೈತ್ರಿ?"

ಬಾಯಲ್ಲಿ ಹೇಳುವ ಬದಲು ಮರುವಾರ ದುಂಡಸಿಯ ಕಡೆ ಒಂದು ಕೆಲಸ ಮುಗಿಸಿಕೊಂಡು ಸವಣೂರಿಗೆ ಹೋಗಿ ಅವರನ್ನು ಪಕ್ಕದ ಸೀಟಿನಲ್ಲಿ ಹತ್ತಿಸಿಕೊಂಡೆ. ಅವರ ತೋಟದ ಆಚೆ ಬಿತ್ತದೆ ಬಿಟ್ಟ ಎರೆಹೊಲವೊಂದು ಮಳೆಗೆ ನೆನೆದು ಬಿದ್ದಿತ್ತು. ಅಲ್ಲಿ ಇಳಿದು ಕೀಲಿ ಕೊಟ್ಟೆ. ಅವರು ಚಪ್ಪಲಿ ಬಿಚ್ಚಿಟ್ಟು ಡ್ರೈವರ್ ಸೀಟಿಗೆ ಏರಿದರು. ಹೊಲದ ನಡುವೆ ಹಿಂದಿನ ಗಾಲಿ ತಿರುಗತೊಡಗಿದಾಗ ನನ್ನನ್ನು ಒಮ್ಮೆ ನೋಡಿದರು. ನಾನು ತಲೆ ಆಡಿಸಿದೆ. ಸಣ್ಣ ಗೇರು ಹಾಕಿದರು. ಮುಂದಿನ ಗಾಲಿಗಳು ನೆಲವನ್ನು ಕಚ್ಚಿದವು. ಜೀಪು ಒಮ್ಮೆ ನಡುಗಿ, ಕೆಸರನ್ನು ಎರಡೂ ಬದಿಗೆ ಹಾರಿಸುತ್ತ ಮೆಲ್ಲಗೆ, ನಿಲ್ಲದೆ, ಆಚೆಯ ಬದುವಿನವರೆಗೆ ನಡೆಯಿತು. ಅವರು ಅಲ್ಲಿ ನಿಲ್ಲಿಸಲಿಲ್ಲ. ತಿರುಗಿಸಿದರು, ಮತ್ತೆ ದಾಟಿದರು, ಮತ್ತೆ ತಿರುಗಿಸಿದರು. ಮುಖದಲ್ಲಿ ನಗುವಿತ್ತೋ ಅಳುವಿತ್ತೋ, ಗಡ್ಡದೊಳಗೆ ತಿಳಿಯಲಿಲ್ಲ.

"ಇದು ಇಷ್ಟು ವರ್ಷ ನನ್ನ ಕೂಡನ ಇತ್ತಲ್ರಿ" ಎಂದರು ಕೊನೆಗೆ.

ಎಂಜಿನ್ ನಿಲ್ಲಿಸಿ ಇಳಿದರು. ಕೀಲಿ ಮಾತ್ರ ಕೊಡಲಿಲ್ಲ. ಮುಷ್ಟಿಯಲ್ಲಿ ಹಿಡಿದು ಜೀಪನ್ನೇ ನೋಡುತ್ತ ನಿಂತರು. ವಾಪಸ್ ಕೇಳಲಿದ್ದಾರೆ! ಇಲ್ಲ ಎನ್ನುವುದು ಹೇಗೆ, ಎಷ್ಟು ಮೆತ್ತಗೆ ಎನ್ನಬೇಕು ಎಂದು ಮಾತು ಹೊಂದಿಸಿಕೊಳ್ಳತೊಡಗಿದೆ.

ಅವರು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. "ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಬರೂವಾಗ ನೋಡಿದೆ. ನೀವು ಕ್ಲಚ್ ಮ್ಯಾಲೆ ಕಾಲು ಇಟ್ಟುಕೊಂಡ ಓಡಸ್ತೀರಿ. ಕ್ಲಚ್ ಪ್ಲೇಟ್ ಸುಟ್ಟು ಹೋಗ್ತೈತಿ. ಆ ಕಾಲು ತಗೀರಿ."

ತೆಗೆದೆ. ಅಲ್ಲಿಂದ ಹಾನಗಲ್ಲಿನವರೆಗೂ ಗೇರು ಬದಲಿಸುವಾಗ ಬಿಟ್ಟರೆ ಎಡಗಾಲನ್ನು ಮಡಚಿಕೊಂಡಂತೆ ದೂರ ಇಟ್ಟೇ ಓಡಿಸಿದೆ. ಬಂಕಾಪುರ ದಾಟುವಾಗ ಮಾತ್ರ ಒಮ್ಮೆ ಕನ್ನಡಿಯಲ್ಲಿ ಹಿಂದೆ ನೋಡಿದೆ, ಸಾಬರು ಯಾವುದಾದರೂ ಗಾಡಿಯಲ್ಲಿ ಕೂತು ನನ್ನ ಮೇಲೆ ಕಣ್ಣಿಟ್ಟು ಬರುತ್ತಿದ್ದಾರೋ ಏನೋ ಎಂದು.